ಕಣಜ ತುಂಬಿದ ಮೇಲೆ: ಸ್ವತ್ತು ಮತ್ತು ಉಳಿಕೆಯ ಕುರಿತು ಕ್ರೈಸ್ತ ಚಿಂತನೆ

ಸ್ವತ್ತಿನ ವಿಷಯದಲ್ಲಿ ಕ್ರೈಸ್ತ ಧರ್ಮದ ನಿಲುವು ಏನೆಂದು ವಿಚಾರಿಸಿದರೆ, ಅದು ಸಿರಿತನವನ್ನು ಹಳಿದು ಬಡತನವನ್ನು ಹೊಗಳುವ ಧರ್ಮ ಎಂಬ ಉತ್ತರ ಬೇಗನೆ ಸಿಗುತ್ತದೆ. ಈ ಉತ್ತರ ಪೂರ್ತಿ ಸುಳ್ಳಲ್ಲವಾದರೂ ಅವಸರದ್ದು. ಯೇಸುಕ್ರಿಸ್ತರ ಜೀವನವನ್ನೂ ಬೋಧೆಯನ್ನೂ ನಿರೂಪಿಸುವ, ಸುವಾರ್ತೆಗಳೆಂದು ಹೆಸರಾದ ನಾಲ್ಕು ಗ್ರಂಥಗಳನ್ನು ಓದಿದವರಿಗೆ, ಯೇಸು ಶ್ರೀಮಂತರ ಮನೆಯ ಪಂಕ್ತಿಯಲ್ಲಿ ಕುಳಿತು ಉಂಡದ್ದೂ, ಅವರೊಡನೆ ಊರೂರು ತಿರುಗಿದ ಕೆಲವು ಸ್ತ್ರೀಯರು ತಮ್ಮ ಆಸ್ತಿಯಿಂದಲೇ ಆ ಗುಂಪಿನ ಖರ್ಚನ್ನು ನೋಡಿಕೊಂಡದ್ದೂ, ಕೊನೆಗೆ ಅವರ ದೇಹವನ್ನು ಇರಿಸಿದ್ದು ಅರಿಮಥಾಯದ ಯೋಸೇಫನೆಂಬ ಐಶ್ವರ್ಯವಂತನ ಸಮಾಧಿಯಲ್ಲಿ ಎಂಬುದೂ ತಿಳಿದಿರುತ್ತದೆ. ಆದ್ದರಿಂದ ಸ್ವತ್ತು ಒಳ್ಳೆಯದೋ ಕೆಟ್ಟದ್ದೋ ಎಂಬುದು ಈ ಪರಂಪರೆಯ ಮುಖ್ಯ ಪ್ರಶ್ನೆಯಲ್ಲ. ಕೂಡಿಟ್ಟದ್ದು ಕಡೆಗೆ ಯಾರ ಪಾಲಾಗುತ್ತದೆ, ಮತ್ತು ಅದು ಅವರ ಕೈ ಸೇರುವುದು ಯಾವಾಗ ಎಂಬುದೇ ಅದರ ನಿಜವಾದ ಪ್ರಶ್ನೆ.

ಈ ಪ್ರಶ್ನೆ ಅತ್ಯಂತ ನೇರವಾಗಿ ಎದುರಾಗುವುದು ಲೂಕನ ಸುವಾರ್ತೆಯ ಹನ್ನೆರಡನೆಯ ಅಧ್ಯಾಯದಲ್ಲಿ. ಅಲ್ಲಿ ಜನರ ಗುಂಪಿನ ನಡುವಿನಿಂದ ಒಬ್ಬಾತ, ಪಿತ್ರಾರ್ಜಿತದಲ್ಲಿ ತನಗೆ ಬರಬೇಕಾದ ಪಾಲನ್ನು ಕೊಡುವಂತೆ ತನ್ನ ಸಹೋದರನಿಗೆ ಬುದ್ಧಿ ಹೇಳಬೇಕೆಂದು ಯೇಸುವನ್ನು ಕೇಳಿಕೊಳ್ಳುತ್ತಾನೆ. ಪಾಲುಪಾರಿಕತ್ತಿನ ಜಗಳವನ್ನು ಹಿರಿಯರ ಮುಂದೆ ಇಡುವುದು ಎಲ್ಲ ಕಾಲದ ಎಲ್ಲ ಸಮಾಜಗಳ ರೂಢಿಯೇ ಆಗಿದ್ದರೂ, ಯೇಸು ಆ ಪಂಚಾಯಿತಿಗೆ ಒಪ್ಪದೆ, ಎಲ್ಲ ಬಗೆಯ ದುರಾಶೆಯ ವಿಷಯದಲ್ಲಿ ಎಚ್ಚರವಾಗಿರಬೇಕೆಂದು ಹೇಳಿ ಒಂದು ಸಾಮತಿಯನ್ನು ಹೇಳುತ್ತಾರೆ. ಸಾಮತಿಯೆಂದರೆ ದಿನಬಳಕೆಯ ಬದುಕಿನಿಂದ ಎತ್ತಿಕೊಂಡ ಚಿಕ್ಕ ಕಥೆ. ಅದರ ತೀರ್ಪನ್ನು ಕೇಳಿದವರೇ ಕೊಟ್ಟುಕೊಳ್ಳಬೇಕು. ಒಬ್ಬ ಶ್ರೀಮಂತ ರೈತನ ಹೊಲ ಹುಲುಸಾಗಿ ಬೆಳೆಯುತ್ತದೆ. ಇರುವ ಕಣಜಗಳು ಸಾಲದಾಗುತ್ತವೆ. ಅವನ್ನು ಕೆಡವಿ ದೊಡ್ಡವನ್ನು ಕಟ್ಟಿಸಿ, ಅನೇಕ ವರ್ಷಗಳಿಗೆ ಆಗುವಷ್ಟು ದವಸವನ್ನು ತುಂಬಿಸಿ, ಇನ್ನು ಉಂಡು ಕುಡಿದು ಸುಖವಾಗಿರಬಹುದೆಂದು ಆತ ತನ್ನ ಜೀವಕ್ಕೆ ತಾನೇ ಹೇಳಿಕೊಳ್ಳುತ್ತಾನೆ. ಅದೇ ರಾತ್ರಿ ಅವನ ಪ್ರಾಣಕ್ಕೆ ಕರೆ ಬರುತ್ತದೆ. ಸಿದ್ಧಮಾಡಿಟ್ಟದ್ದೆಲ್ಲ ಯಾರದಾಗುವುದು ಎಂದು ದೇವರು ಅವನನ್ನು ಕೇಳುತ್ತಾರೆ. ಉತ್ತರ ಕಥೆಯಲ್ಲಿ ಇಲ್ಲ.

ಗಮನಿಸಬೇಕಾದ ಸಂಗತಿಯೆಂದರೆ, ಈ ರೈತ ಕಳ್ಳನಲ್ಲ, ಬಡ್ಡಿ ಹಿಂಡುವವನಲ್ಲ, ಕೂಲಿಯವರ ಸಂಬಳವನ್ನು ಹಿಡಿದಿಟ್ಟವನೆಂದೂ ಕಥೆ ಹೇಳುವುದಿಲ್ಲ. ಬೆಳೆ ಚೆನ್ನಾಗಿ ಬಂದ ವರ್ಷ ಮುಂದಿನ ವರ್ಷಕ್ಕೆಂದು ಎತ್ತಿಡುವುದನ್ನು ಯಾವ ಕೃಷಿಕ ಸಮಾಜವೂ ತಪ್ಪೆನ್ನುವುದಿಲ್ಲ. ಬೈಬಲಿನಲ್ಲಿಯೇ ಈಜಿಪ್ಟಿನ ಮಂತ್ರಿಯಾಗಿದ್ದ ಯೋಸೇಫನು ಏಳು ಸಮೃದ್ಧ ವರ್ಷಗಳ ಧಾನ್ಯವನ್ನು ಕೂಡಿಟ್ಟು ಏಳು ವರ್ಷಗಳ ಬರದಲ್ಲಿ ಜನರನ್ನು ಬದುಕಿಸಿದ ಕಥೆ ಪ್ರಶಂಸೆಯೊಡನೆ ಬಂದಿದೆ. ಇಬ್ಬರ ಕಣಜಗಳೂ ತುಂಬಿದ್ದವು. ಯೋಸೇಫನ ಲೆಕ್ಕದಲ್ಲಿ ಒಂದು ದೇಶವೇ ಇತ್ತು. ಲೂಕನ ರೈತನ ಲೆಕ್ಕದಲ್ಲಿ ಅವನನ್ನು ಬಿಟ್ಟರೆ ಹೆಂಡತಿಯಾಗಲಿ, ಆಳಾಗಲಿ, ನೆರೆಯವನಾಗಲಿ ಒಬ್ಬರೂ ಕಾಣಿಸಿಕೊಳ್ಳುವುದಿಲ್ಲ. ಆತ ಸಮಾಲೋಚನೆ ನಡೆಸುವುದೂ ತನ್ನೊಂದಿಗೇ, ಸಂತೋಷವನ್ನು ಹಂಚಿಕೊಳ್ಳುವುದೂ ತನ್ನೊಂದಿಗೇ. ಅವನನ್ನು ಬುದ್ಧಿಗೇಡಿಯೆಂದು ಕರೆದಿರುವುದು ಲೆಕ್ಕ ತಪ್ಪಿದ್ದಕ್ಕೆ. ದವಸವನ್ನು ಅನೇಕ ವರ್ಷಗಳಿಗೆ ಎಣಿಸಿದವನು ಆಯುಸ್ಸನ್ನು ಒಂದು ರಾತ್ರಿಗೂ ಎಣಿಸಲಾರದೆ ಹೋದನು.

ಈ ಚಿಂತನೆಯ ಬೇರು ಯೇಸುವಿಗಿಂತ ಹಿಂದಿನ ಯೆಹೂದ್ಯ ಧರ್ಮಶಾಸ್ತ್ರದಲ್ಲಿದೆ. ಯಾಜಕಕಾಂಡದ ಇಪ್ಪತ್ತೈದನೆಯ ಅಧ್ಯಾಯದಂತೆ ಭೂಮಿಯ ಒಡೆಯ ದೇವರೇ. ಮನುಷ್ಯರು ಅದರ ಮೇಲಿನ ಒಕ್ಕಲುಗಳು ಮಾತ್ರ. ಆದ್ದರಿಂದ ಭೂಮಿಯನ್ನು ಶಾಶ್ವತವಾಗಿ ಮಾರುವಂತಿರಲಿಲ್ಲ. ಜೂಬಿಲಿ ಎಂದು ಕರೆಯಲಾದ ಐವತ್ತನೆಯ ವರ್ಷದಲ್ಲಿ ಮಾರಾಟವಾದ ಹೊಲ ಮೂಲ ಕುಟುಂಬಕ್ಕೆ ಮರಳಬೇಕಿತ್ತು. ಕೊಯ್ಲಿನ ಸಮಯದಲ್ಲಿ ಹೊಲದ ಅಂಚನ್ನು ಪೂರ್ತಿಯಾಗಿ ಕೊಯ್ಯದೆ, ಉದುರಿದ ತೆನೆಯನ್ನು ಹೆಕ್ಕದೆ, ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂಬ ವಿಧಿಯೂ ಅದೇ ಗ್ರಂಥದಲ್ಲಿದೆ. ಇದನ್ನು ದಾನ ಎನ್ನುವುದಕ್ಕಿಂತ ಹಕ್ಕು ಎನ್ನುವುದೇ ಸರಿ. ಏಕೆಂದರೆ ಅಂಚಿನ ಬೆಳೆಯನ್ನು ಬಿಟ್ಟ ರೈತ ತನ್ನದನ್ನು ಕೊಡುತ್ತಿರಲಿಲ್ಲ, ತನ್ನದಲ್ಲದ್ದನ್ನು ಮುಟ್ಟದೆ ಇರುತ್ತಿದ್ದನು, ಅಷ್ಟೆ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಳ್ಳದಿದ್ದರೆ ನಾಲ್ಕನೆಯ ಶತಮಾನದ ಧರ್ಮಪಿತೃಗಳ, ಎಂದರೆ ಆದಿ ಕ್ರೈಸ್ತ ಸಭೆಯ ಪ್ರಮಾಣಭೂತ ಬೋಧಕರ, ಮಾತುಗಳು ಬರಿಯ ಆವೇಶದಂತೆ ಕೇಳಿಸುತ್ತವೆ.

ಯೇಸುವಿನ ಅನುಯಾಯಿಗಳ ಮೊದಲ ಸಮುದಾಯ ಜೆರುಸಲೇಮಿನಲ್ಲಿ ಹೊಲಮನೆಗಳನ್ನು ಮಾರಿ ಬಂದ ಹಣವನ್ನು ಒಟ್ಟುಗೂಡಿಸಿ ಅಗತ್ಯವಿದ್ದವರಿಗೆ ಹಂಚುತ್ತಿತ್ತೆಂದು ಅಪೊಸ್ತಲರ ಕೃತ್ಯಗಳು ಎಂಬ ಗ್ರಂಥ ತಿಳಿಸುತ್ತದೆ. ಅದೇ ಗ್ರಂಥದಲ್ಲಿ ಬರುವ ಅನನೀಯ ಮತ್ತು ಸಪ್ಫೈರ ಎಂಬ ದಂಪತಿಗಳು ಹೊಲ ಮಾರಿದ ಹಣದಲ್ಲಿ ಒಂದು ಭಾಗವನ್ನು ಬಚ್ಚಿಟ್ಟು ಪೂರ್ತಿ ತಂದೆವೆಂದು ಹೇಳಿ ದಂಡನೆಗೆ ಗುರಿಯಾದಾಗ, ಯೇಸುವಿನ ಶಿಷ್ಯನಾದ ಪೇತ್ರನು ಅವರ ಮೇಲೆ ಹೊರಿಸುವ ಆರೋಪ ಸುಳ್ಳು ಹೇಳಿದ್ದು. ಹೊಲವೂ ಅದರ ಕ್ರಯವೂ ಅವರ ಅಧೀನದಲ್ಲಿಯೇ ಇತ್ತೆಂದು ಅವನು ಒಪ್ಪಿಕೊಳ್ಳುತ್ತಾನೆ. ಖಾಸಗಿ ಒಡೆತನ ಅಲ್ಲಿ ರದ್ದಾಗಿರಲಿಲ್ಲ. ಸುಮಾರು 200ರ ಹೊತ್ತಿಗೆ ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ ಬೋಧಿಸುತ್ತಿದ್ದ ಕ್ಲೆಮೆಂಟರು ಈ ಎಳೆಯನ್ನು ಹಿಡಿದು, ಸಂಪತ್ತು ಒಂದು ಉಪಕರಣ, ಅದನ್ನು ಚೆನ್ನಾಗಿಯೂ ಕೆಟ್ಟದಾಗಿಯೂ ಬಳಸಬಹುದು, ಬಿಸುಡಬೇಕಾದದ್ದು ಸ್ವತ್ತನ್ನಲ್ಲ, ಅದರ ಮೇಲಿನ ಮೋಹವನ್ನು ಎಂದು ವಾದಿಸಿದರು. ಯಾರ ಬಳಿಯೂ ಏನೂ ಇಲ್ಲದೆ ಹೋದರೆ ಹಸಿದವರಿಗೆ ಉಣಿಸುವವರು ಯಾರು ಎಂಬುದು ಅವರ ಪ್ರಶ್ನೆ. ತರ್ಕ ಸರಿಯಾಗಿದೆ. ಆದರೆ ಕ್ಲೆಮೆಂಟರ ಈ ಒಂದು ಮಾತು ಮುಂದಿನ ಹದಿನೆಂಟು ಶತಮಾನಗಳಲ್ಲಿ ಉಳ್ಳವರಿಗೆ ಒದಗಿಸಿದಷ್ಟು ನೆಮ್ಮದಿಯನ್ನು ಬೇರಾವ ಮಾತೂ ಒದಗಿಸಿರಲಾರದು. ಮೋಹವಿಲ್ಲವೆಂದು ಹೇಳಿಕೊಳ್ಳುವುದಕ್ಕೆ ಖರ್ಚೇನೂ ಇಲ್ಲ, ಅದನ್ನು ಪರೀಕ್ಷಿಸುವ ಅಳತೆಗೋಲೂ ಇಲ್ಲ.

ಅಳತೆಗೋಲು ಸಿಕ್ಕಿದ್ದು ಬರಗಾಲದಲ್ಲಿ. ಇಂದಿನ ತುರ್ಕಿಯ ಕೈಸೆರಿ ನಗರ ಆಗ ಕಪ್ಪದೋಕಿಯ ಪ್ರಾಂತದ ರಾಜಧಾನಿಯಾಗಿ ಕೈಸರೇಯ ಎಂಬ ಹೆಸರಿನಲ್ಲಿತ್ತು. ಸುಮಾರು 369ರಲ್ಲಿ ಅಲ್ಲಿ ಮಳೆ ಕೈಕೊಟ್ಟಿತು. ಚಳಿಗಾಲ ಹಿಮವಿಲ್ಲದೆ ಕಳೆದು, ವಸಂತ ಹನಿಯಿಲ್ಲದೆ ಬಂದು, ಬಿತ್ತಿದ್ದು ಮೊಳಕೆಯಲ್ಲೇ ಒಣಗಿತು. ಕರಾವಳಿಯ ಪಟ್ಟಣಗಳಾದರೆ ಹಡಗಿನಲ್ಲಿ ಧಾನ್ಯ ತರಿಸಿಕೊಳ್ಳಬಹುದಿತ್ತು. ಆದರೆ ಸಮುದ್ರದಿಂದ ದೂರದ ಎತ್ತರದ ಪ್ರಸ್ಥಭೂಮಿಯ ಮೇಲಿದ್ದ ಈ ಊರಿಗೆ ಹೊರಗಿನಿಂದ ದವಸ ಬರುವ ದಾರಿಯೇ ಇರಲಿಲ್ಲ. ದವಸ ಊರೊಳಗೇ ಇತ್ತು, ಬೆಲೆ ಇನ್ನೂ ಏರಲೆಂದು ಕಾಯುತ್ತಿದ್ದ ಧನಿಕರ ಉಗ್ರಾಣಗಳಲ್ಲಿ. ಆಗ ಅಲ್ಲಿ ಪಾದ್ರಿಯಾಗಿದ್ದ, ಮುಂದಿನ ವರ್ಷವೇ ಧರ್ಮಾಧ್ಯಕ್ಷರಾಗಲಿದ್ದ ಬೆಸಿಲರು, ಕಣಜ ಕೆಡವಿದ ರೈತನ ಸಾಮತಿಯನ್ನು ಎತ್ತಿಕೊಂಡು ಆ ಧನಿಕರ ಮುಂದೆಯೇ ಪ್ರಬೋಧನೆ ಮಾಡಿದರು. ಬೆಸಿಲರು ಬಡವರ ಮನೆಯವರಲ್ಲ. ಅವರದು ಜಮೀನುದಾರರ ಮನೆತನ, ಅಥೆನ್ಸಿನಲ್ಲಿ ಓದಿ ಬಂದ ವಾಗ್ಮಿ. ಕೇಳುತ್ತಿದ್ದವರು ಬಹುಮಟ್ಟಿಗೆ ಅವರ ವರ್ಗದವರೇ.

ಆ ಪ್ರಬೋಧನೆಯಲ್ಲಿ ಒಂದು ದೃಶ್ಯವಿದೆ. ಮನೆಯಲ್ಲಿ ಮಾರುವುದಕ್ಕೆ ಇನ್ನೇನೂ ಉಳಿಯದ ತಂದೆಯೊಬ್ಬ ಮಕ್ಕಳ ಕಡೆ ನೋಡುತ್ತಾನೆ. ಒಬ್ಬನನ್ನು ಗುಲಾಮರ ಸಂತೆಗೆ ಒಯ್ದರೆ ಉಳಿದವರಿಗೆ ಅನ್ನ ಸಿಗುತ್ತದೆ. ಯಾರನ್ನು ಒಯ್ಯುವುದು? ಹಿರಿಯನನ್ನೆಂದರೆ ಜ್ಯೇಷ್ಠನೆಂಬ ಗೌರವ ಅಡ್ಡಬರುತ್ತದೆ, ಕಿರಿಯನನ್ನೆಂದರೆ ಏನೂ ಅರಿಯದ ಅವನ ಎಳೆತನ. ಒಬ್ಬನ ಮುಖದಲ್ಲಿ ತಾಯಿತಂದೆಯರ ಹೋಲಿಕೆ, ಇನ್ನೊಬ್ಬ ಓದಿನಲ್ಲಿ ಚುರುಕು. ಯಾರನ್ನೂ ಮಾರದಿದ್ದರೆ ಎಲ್ಲರೂ ಸಾಯುತ್ತಾರೆ, ಒಬ್ಬನನ್ನು ಮಾರಿದರೆ ಉಳಿದವರ ಮುಖ ನೋಡುವುದು ಹೇಗೆ? ಕೊನೆಗೆ ಕಣ್ಣೀರಿಡುತ್ತ ಸಂತೆಗೆ ಬಂದ ಆ ತಂದೆಯೊಡನೆ ಧಾನ್ಯದ ಒಡೆಯ ಬೆಲೆಯ ಚೌಕಾಸಿಗೆ ನಿಲ್ಲುತ್ತಾನೆ. ಬೆಸಿಲರು ಇಲ್ಲಿ ದಯೆ ತೋರಿಸಿರೆಂದು ಬೇಡಿಕೊಳ್ಳುವುದಿಲ್ಲ, ಲೆಕ್ಕ ಕೇಳುತ್ತಾರೆ. ಮುಚ್ಚಿಟ್ಟ ರೊಟ್ಟಿ ಹಸಿದವನಿಗೆ ಸೇರಿದ್ದು, ಪೆಟ್ಟಿಗೆಯಲ್ಲಿ ಮಡಚಿಟ್ಟ ಬಟ್ಟೆ ಬೆತ್ತಲೆಯವನಿಗೆ ಸೇರಿದ್ದು, ತೊಡದೆ ಕೊಳೆಯುತ್ತಿರುವ ಪಾದರಕ್ಷೆ ಬರಿಗಾಲಿನವನಿಗೆ ಸೇರಿದ್ದು ಎಂಬುದು ಅವರ ವಾದ. ಉಡಿಸಬಲ್ಲವನು ಉಡಿಸದೆ ಹೋದರೆ ಅವನಿಗೂ ಉಟ್ಟ ಬಟ್ಟೆಯನ್ನು ಸೆಳೆದುಕೊಂಡವನಿಗೂ ಒಂದೇ ಹೆಸರು ಸಲ್ಲಬೇಕೆನ್ನುತ್ತಾರೆ. ಎಲ್ಲರಿಗಾಗಿ ಇರುವ ನಾಟಕಶಾಲೆಗೆ ಮೊದಲು ಬಂದು ಕುಳಿತವನು, ಇಡೀ ನಾಟಕಶಾಲೆ ತನ್ನದೆಂದು ಬಾಗಿಲು ಹಾಕಿಕೊಂಡರೆ ಹೇಗೋ ಹಾಗೆ ಧನಿಕನ ಒಡೆತನ ಎಂಬ ಹೋಲಿಕೆಯೂ ಅಲ್ಲಿಯೇ ಬಂದಿದೆ. ಯಾಜಕಕಾಂಡದ ಒಕ್ಕಲಿನ ಕಲ್ಪನೆ ಇಲ್ಲಿ ಪಟ್ಟಣದ ಮಾತಿನಲ್ಲಿ ಮರಳಿ ಬಂದಿರುವುದು ಸ್ಪಷ್ಟ.

ಸಾಮತಿಯ ಕೊನೆಯ ಪ್ರಶ್ನೆಗೆ ಉಳ್ಳವರು ಸಾಮಾನ್ಯವಾಗಿ ಕೊಡುವ ಒಂದು ಜಾಣ ಉತ್ತರವಿದೆ: ತಮ್ಮ ನಂತರ ಎಲ್ಲವೂ ಬಡವರಿಗೆ ಸೇರುವಂತೆ ಮರಣಶಾಸನ ಬರೆದಿಡುವುದು. ಧನಿಕರನ್ನು ಕುರಿತ ಮತ್ತೊಂದು ಪ್ರಬೋಧನೆಯಲ್ಲಿ ಬೆಸಿಲರು ಈ ಉತ್ತರವನ್ನು ಗೇಲಿ ಮಾಡುತ್ತಾರೆ. ಮನುಷ್ಯರ ನಡುವೆ ಇಲ್ಲವಾದ ಮೇಲೆ ಮನುಷ್ಯಪ್ರೇಮಿಯಾಗುವ ಈ ಔದಾರ್ಯಕ್ಕೆ ಧನ್ಯವಾದ ಸಲ್ಲಬೇಕಾದದ್ದು ಸತ್ತವನಿಗಲ್ಲ, ಸಾವಿಗೆ ಎಂಬುದು ಅವರ ಮಾತಿನ ಇಂಗಿತ. ಬದುಕಿದ್ದಷ್ಟು ಕಾಲ ಅನುಭವಿಸಿ, ಹಿಡಿದಿಟ್ಟುಕೊಳ್ಳಲು ಸಾಧ್ಯವೇ ಇಲ್ಲದ ಗಳಿಗೆಯಲ್ಲಿ ಬಿಟ್ಟುಕೊಡುವುದು ಕೊಡುಗೆಯಲ್ಲ. ಮೇಲಾಗಿ ಸಾವು ಹೇಳಿ ಬರುವುದಿಲ್ಲ, ಕಡೆಗಾಲದಲ್ಲಿ ನಾಲಿಗೆ ತೊದಲುತ್ತದೆ, ಕೈ ನಡುಗುತ್ತದೆ, ಸುತ್ತ ನಿಂತ ಬಂಧುಗಳು ಬರೆದದ್ದನ್ನು ತಿದ್ದಲೂಬಹುದು. ಕೊಡುವ ಕೆಲಸಕ್ಕೆ ಗಡುವಿದೆಯೆಂಬ ಈ ಎಚ್ಚರವೇ ಬೆಸಿಲರ ಬೋಧೆಯ ತಿರುಳು. ಉಳಿಯುವುದು ಕೊಟ್ಟದ್ದು, ಅದೂ ಕೊಡದೆ ಇರಲು ಸಾಧ್ಯವಿದ್ದಾಗ ಕೊಟ್ಟದ್ದು.

ಮಾತಿನ ಜೊತೆಗೆ ಕೆಲಸವೂ ನಡೆಯಿತು. ಅವರ ಗೆಳೆಯರಾದ ನಜಿಯಾನ್ಸದ ಗ್ರೆಗರಿಯವರು ಬೆಸಿಲರು ತೀರಿಕೊಂಡ ಕೆಲವು ವರ್ಷಗಳ ನಂತರ ಮಾಡಿದ ಸಂಸ್ಮರಣ ಭಾಷಣದಲ್ಲಿ, ಬೆಸಿಲರ ಮಾತಿಗೆ ಧನಿಕರ ಉಗ್ರಾಣಗಳ ಬಾಗಿಲು ತೆರೆದದ್ದನ್ನೂ, ಹಸಿವಿನಿಂದ ಉಸಿರಷ್ಟೇ ಉಳಿದಿದ್ದ ಗಂಡಸರು, ಹೆಂಗಸರು, ಮಕ್ಕಳು, ಮುದುಕರನ್ನು ಒಂದೆಡೆ ಸೇರಿಸಿ ಕೊಪ್ಪರಿಗೆಗಳಲ್ಲಿ ಸಾರನ್ನೂ ಉಪ್ಪು ಹಾಕಿ ಕಾಪಿಟ್ಟ ಮಾಂಸವನ್ನೂ ಬಡಿಸಿದ್ದನ್ನೂ ವರ್ಣಿಸಿದ್ದಾರೆ. ಬಡಿಸುವ ಕೆಲಸಕ್ಕೆ ಬೆಸಿಲರು ತಾವೇ ನಿಂತರು; ಅವರ ತಮ್ಮ ನಿಸ್ಸದ ಗ್ರೆಗರಿ ಹೇಳುವಂತೆ ಪಿತ್ರಾರ್ಜಿತದ ತಮ್ಮ ಪಾಲನ್ನೂ ಇದಕ್ಕೇ ಸುರಿದರು. ಧರ್ಮಾಧ್ಯಕ್ಷರಾದ ಮೇಲೆ ನಗರದ ಹೊರಗೆ ಅವರು ಕಟ್ಟಿಸಿದ ಧರ್ಮಶಾಲೆಗೆ ಅವರ ಹೆಸರಿನಿಂದಲೇ ಬೆಸಿಲಿಯಾದ್ ಎಂಬ ಹೆಸರು ಬಂತು. ಅಲ್ಲಿ ದಾರಿಹೋಕರಿಗೆ ತಂಗುವ ಮನೆ, ರೋಗಿಗಳಿಗೆ ವೈದ್ಯರು ಮತ್ತು ಶುಶ್ರೂಷಕರು, ಕಸುಬುದಾರರಿಗೆ ಕೆಲಸದ ಮನೆಗಳು, ಸಾಮಾನು ಹೊರುವ ಪ್ರಾಣಿಗಳು ಎಲ್ಲವೂ ಇದ್ದುವೆಂದು, ಇದರ ಬಗ್ಗೆ ದೂರು ಹೋಗಿದ್ದ ಪ್ರಾಂತಾಧಿಕಾರಿಗೆ ಬೆಸಿಲರೇ ಬರೆದ ಪತ್ರದಿಂದ ತಿಳಿಯುತ್ತದೆ. ಊರಿಂದಲೂ ಸ್ವಂತ ಮನೆಯವರಿಂದಲೂ ಹೊರದೂಡಲ್ಪಟ್ಟ ಕುಷ್ಠರೋಗಿಗಳಿಗೆ ಅಲ್ಲಿ ನೆಲೆ ದೊರೆಯಿತು. ನಜಿಯಾನ್ಸದ ಗ್ರೆಗರಿಯವರು ಬಾಬಿಲೋನಿನ ಗೋಡೆ, ಈಜಿಪ್ಟಿನ ಪಿರಮಿಡ್ಡುಗಳಂಥ ಪ್ರಾಚೀನ ಅದ್ಭುತಗಳ ಮುಂದೆ ಇದನ್ನಿಟ್ಟು, ಆ ಅದ್ಭುತಗಳಿಂದ ಕಟ್ಟಿಸಿದವರಿಗೆ ಚೂರು ಕೀರ್ತಿಯ ಹೊರತು ಬೇರೇನೂ ದಕ್ಕಲಿಲ್ಲವೆನ್ನುತ್ತಾರೆ. ಧನಿಕರ ಮಿಗುತಾಯ ನುಸಿಗೂ ಕಳ್ಳನಿಗೂ ಸಿಗದಂತೆ ಭದ್ರವಾದದ್ದು ಇಲ್ಲಿ ಎಂಬುದು ಅವರ ತೀರ್ಮಾನ. ನುಸಿ, ಕಿಲುಬು, ಕಳ್ಳರಿಲ್ಲದ ಸ್ವರ್ಗದಲ್ಲಿ ನಿಧಿಯನ್ನು ಕೂಡಿಡಬೇಕೆಂದು ಯೇಸು ಹೇಳಿದ್ದನ್ನು ಸತ್ತ ಮೇಲಿನ ಯಾವುದೋ ಖಾತೆಯೆಂದು ತಿಳಿದವರಿಗೆ, ಆ ನಿಧಿಯ ವಿಳಾಸ ಕುಷ್ಠರೋಗಿಯ ಹಾಸಿಗೆಯ ಬಳಿ ಇದೆಯೆಂದು ಕಪ್ಪದೋಕಿಯದವರು ತೋರಿಸಿಕೊಟ್ಟರು.

ಬೆಸಿಲರು ತೀರಿಕೊಂಡದ್ದು 379ರಲ್ಲಿ. ಅದಾಗಿ ಹೆಚ್ಚು ತಿಂಗಳು ಕಳೆಯುವ ಮೊದಲೇ ಅವರ ಅಕ್ಕ ಮಕ್ರೀನ, ಐರಿಸ್ ನದಿಯ ಸಮೀಪ ಮನೆತನದ ಜಮೀನಿನಲ್ಲಿ ತಾವು ಕಟ್ಟಿ ಬೆಳೆಸಿದ ಸನ್ಯಾಸಿನಿಯರ ಆಶ್ರಮದಲ್ಲಿ ನಿಧನರಾದರು. ಅವರ ಕೊನೆಯ ದಿನಗಳನ್ನು ತಮ್ಮ ನಿಸ್ಸದ ಗ್ರೆಗರಿ ಬರೆದಿಟ್ಟಿದ್ದಾರೆ. ಅಕ್ಕನ ದೇಹಕ್ಕೆ ಹೊದಿಸಲು ಒಳ್ಳೆಯ ವಸ್ತ್ರವೇನಾದರೂ ತೆಗೆದಿಟ್ಟಿದೆಯೇ ಎಂದು ಅವರು ಕೇಳಿದಾಗ, ಆಶ್ರಮದ ಹೊಣೆ ಹೊತ್ತಿದ್ದ ಲಂಪಾದಿಯನ್ ಎಂಬ ಸಹೋದರಿ, ಮಕ್ರೀನರ ಆಸ್ತಿಯೆಲ್ಲ ಕಣ್ಣೆದುರಿಗೇ ಇದೆಯೆಂದು ತೋರಿಸಿದರು: ಒಂದು ಮೇಲುಹೊದಿಕೆ, ತಲೆಯ ಮೇಲಿನ ಬಟ್ಟೆ, ಸವೆದ ಪಾದರಕ್ಷೆ. ತೆರೆದು ನೋಡಲು ಪೆಟ್ಟಿಗೆಯಾಗಲಿ ಕೋಣೆಯಾಗಲಿ ಇರಲಿಲ್ಲ. ಕೊರಳಲ್ಲಿ ಒಂದು ಕಬ್ಬಿಣದ ಶಿಲುಬೆ, ಜೊತೆಗೆ ಒಂದು ಕಬ್ಬಿಣದ ಉಂಗುರ ಮಾತ್ರ ಸಿಕ್ಕಿದವು. ಬಡವರ ಮನೆಯಲ್ಲಿ ಇಂಥ ಪಟ್ಟಿ ಯಾರ ಗಮನವನ್ನೂ ಸೆಳೆಯುವುದಿಲ್ಲ. ಅನೇಕ ಪ್ರಾಂತಗಳಲ್ಲಿ ಭೂಮಿಯಿದ್ದ ಮನೆತನದ ಹಿರಿಯ ಮಗಳ ಬಗ್ಗೆ ಬರೆದದ್ದಾದ್ದರಿಂದ ಇದಕ್ಕೆ ಬೆಲೆ ಬಂದಿದೆ. ಶವಯಾತ್ರೆಗೆ ಸುತ್ತಲ ಊರುಗಳ ಜನ ಎಷ್ಟು ನೆರೆದಿದ್ದರೆಂದರೆ, ಹೆಣ ಹೊತ್ತವರಿಗೆ ಮುಂದೆ ಹೆಜ್ಜೆಯಿಡುವುದೇ ಕಷ್ಟವಾಯಿತೆಂದು ಗ್ರೆಗರಿ ಬರೆಯುತ್ತಾರೆ.

ಲ್ಯಾಟಿನ್ ಭಾಷೆಯ ಪಶ್ಚಿಮದಲ್ಲಿ ಇದೇ ವಿಚಾರಕ್ಕೆ ತಾತ್ವಿಕ ರೂಪ ಕೊಟ್ಟವರು ಧರ್ಮಪಿತೃ ಆಗಸ್ಟೀನರು. ಅವರು ಬಳಕೆ ಮತ್ತು ಆನಂದ ಎಂಬ ಎರಡನ್ನು ಬೇರ್ಪಡಿಸುತ್ತಾರೆ: ಗುರಿ ಮುಟ್ಟಲು ಸಾಧನವಾಗುವುದನ್ನು ಬಳಸಬೇಕು, ಬೇರೇನಕ್ಕೂ ಅಲ್ಲದೆ ಅದರ ಸಲುವಾಗಿಯೇ ಪ್ರೀತಿಸಬೇಕಾದದ್ದರಲ್ಲಿ ಆನಂದಿಸಬೇಕು, ಬಳಸಬೇಕಾದದ್ದರಲ್ಲಿ ಆನಂದಿಸಲು ಹೋಗಿ, ಆನಂದಿಸಬೇಕಾದದ್ದನ್ನು ಬಳಸಿಕೊಳ್ಳಲು ಹೋಗುವುದೇ ಮನುಷ್ಯನ ಅಸ್ತವ್ಯಸ್ತತೆ. 410ರಲ್ಲಿ ಗಾಥರು ರೋಮ್ ನಗರವನ್ನು ಸೂರೆಗೊಂಡು, ತಲೆಮಾರುಗಳ ಸಂಪತ್ತು ಕೆಲವೇ ದಿನಗಳಲ್ಲಿ ಕೈತಪ್ಪಿದಾಗ, ಈ ವಿಂಗಡಣೆ ಪುಸ್ತಕದ ಮಾತಾಗಿ ಉಳಿಯಲಿಲ್ಲ. ಆಗ ಬರೆಯಲು ತೊಡಗಿದ ದೇವನಗರ ಎಂಬ ಗ್ರಂಥದಲ್ಲಿ ಆಗಸ್ಟೀನರು ನೋಲದ ಪೌಲಿನಸರನ್ನು ನೆನೆಯುತ್ತಾರೆ. ಗಾಲ್ ಪ್ರಾಂತದ ಬೋರ್ದೋ ನಗರದವರೂ ಅಪಾರ ಜಮೀನಿನ ಒಡೆಯರೂ ಆಗಿದ್ದ ಅವರು ಪತ್ನಿ ಥೆರಾಸಿಯಳೊಡನೆ ಆಸ್ತಿಯನ್ನು ಮಾರಿ ಹಂಚಿ ಇಟಲಿಯ ನೋಲದಲ್ಲಿ ನೆಲೆಸಿದ್ದರು. ದಾಳಿಕಾರರ ಕೈಗೆ ಸೆರೆಸಿಕ್ಕಾಗ ಅವರು, ತಮ್ಮ ಸಂಪತ್ತೆಲ್ಲ ಎಲ್ಲಿದೆಯೆಂಬುದು ದೇವರಿಗೆ ಗೊತ್ತೇ ಇರುವುದರಿಂದ, ಚಿನ್ನಬೆಳ್ಳಿಗಾಗಿ ತಮ್ಮನ್ನು ಹಿಂಸಿಸದಿರಲಿ ಎಂದು ಪ್ರಾರ್ಥಿಸಿದರಂತೆ. ಕಳೆದುಕೊಳ್ಳುವುದಕ್ಕೆ ಮೊದಲೇ ಕೊಟ್ಟುಬಿಟ್ಟವನ ಬಳಿ ದೋಚುವವನಿಗೆ ಕೆಲಸವಿಲ್ಲ. ಇದು ಭಕ್ತಿಯ ಮಾತಷ್ಟೇ ಅಲ್ಲ, ವ್ಯವಹಾರದ ಮಾತೂ ಹೌದು.

ವ್ಯಕ್ತಿಗಳಿಗಿಂತ ಸಂಸ್ಥೆಗಳಿಗೆ ಈ ಬೋಧೆ ಕಷ್ಟವಾಯಿತು. ದಾನಿಗಳು ಕೊಟ್ಟದ್ದೆಲ್ಲ ಕೂಡಿ ಮಧ್ಯಯುಗದ ಹೊತ್ತಿಗೆ ಚರ್ಚೇ ಯುರೋಪಿನ ದೊಡ್ಡ ಭೂಮಾಲೀಕರಲ್ಲಿ ಒಂದಾಗಿತ್ತು. 1206ರಲ್ಲಿ ಅಸ್ಸಿಸಿಯ ಬಟ್ಟೆ ವ್ಯಾಪಾರಿಯ ಮಗ ಫ್ರಾನ್ಸಿಸರು ಧರ್ಮಾಧ್ಯಕ್ಷರ ಸಮ್ಮುಖದಲ್ಲಿ ಉಟ್ಟ ಬಟ್ಟೆಯನ್ನೂ ತಂದೆಗೆ ಹಿಂದಿರುಗಿಸಿ ಹೊರಟದ್ದು ಇದಕ್ಕೆ ಕೊಟ್ಟ ಉತ್ತರ. ಅವರು ಸತ್ತದ್ದು 1226ರಲ್ಲಿ; 1228ರಲ್ಲಿಯೇ ಅವರ ಹೆಸರಿನ ಭವ್ಯ ಮಹಾದೇವಾಲಯದ ಕೆಲಸ ಅಸ್ಸಿಸಿಯಲ್ಲಿ ಆರಂಭವಾಯಿತು. ಏನನ್ನೂ ತಮ್ಮದೆನ್ನಬಾರದೆಂಬ ನಿಯಮವಿದ್ದ ಅವರ ಸಹೋದರರು ಉಣ್ಣುವ ಅನ್ನ, ಓದುವ ಪುಸ್ತಕ ಕಾನೂನಿನ ದೃಷ್ಟಿಯಲ್ಲಿ ಯಾರ ಸ್ವತ್ತು ಎಂಬ ಚರ್ಚೆ ನೂರು ವರ್ಷ ನಡೆದು, ಕೊನೆಗೆ 1323ರಲ್ಲಿ ಪೋಪ್ ಇಪ್ಪತ್ತೆರಡನೆಯ ಜಾನ್, ಕ್ರಿಸ್ತರೂ ಅವರ ಶಿಷ್ಯರೂ ಒಂಟಿಯಾಗಿಯಾಗಲಿ ಒಟ್ಟಾಗಿಯಾಗಲಿ ಏನನ್ನೂ ಹೊಂದಿರಲಿಲ್ಲವೆಂದು ಹಟ ಹಿಡಿಯುವುದು ಪಾಷಂಡ ಮತ, ಎಂದರೆ ಧರ್ಮಬಾಹಿರ ಬೋಧೆ, ಎಂದು ಸಾರಿದರು. ಬಾಯಿಗೆ ಹಾಕಿಕೊಂಡ ತುತ್ತಿನ ಒಡೆತನ ಯಾರದೆಂದು ಪಂಡಿತರು ವಾದಿಸುತ್ತಿದ್ದ ಅದೇ ಕಾಲದಲ್ಲಿ, 1315ರಿಂದ ಕೆಲವು ವರ್ಷ, ಉತ್ತರ ಯುರೋಪು ಘೋರ ಕ್ಷಾಮಕ್ಕೆ ತುತ್ತಾಗಿತ್ತು. ಆ ಚರ್ಚೆಯಿಂದ ಒಡೆತನದ ನ್ಯಾಯಶಾಸ್ತ್ರಕ್ಕೆ ಲಾಭವಾಯಿತೆಂದು ಇತಿಹಾಸಕಾರರು ಹೇಳುತ್ತಾರೆ. ಬೆಸಿಲರಾಗಿದ್ದರೆ ಮೊದಲು ಒಲೆ ಹೊತ್ತಿಸುತ್ತಿದ್ದರು.

ಕರ್ನಾಟಕದಲ್ಲಿ ಈ ವಿಚಾರ ಗ್ರಂಥಗಳಿಗಿಂತ ಗದ್ದೆಯಲ್ಲಿ ಜೀವಂತವಾಗಿದೆ. ಕರಾವಳಿಯ ಕೊಂಕಣಿ ಮಾತಿನ ಕಥೋಲಿಕರು ಸೆಪ್ಟೆಂಬರ್ 8ರಂದು, ಮೇರಿ ಮಾತೆಯ ಜನ್ಮದಿನದಂದು, ಆಚರಿಸುವ ಮೊಂತಿ ಫೆಸ್ತ್ ಹೊಸ ತೆನೆಯ ಹಬ್ಬವೂ ಹೌದು. ಅಂದು ಇಗರ್ಜಿಯಲ್ಲಿ ಮಕ್ಕಳು ಮಾತೆಯ ಪ್ರತಿಮೆಗೆ ಹೂ ಅರ್ಪಿಸಿದ ಮೇಲೆ, ಪಾದ್ರಿಗಳು ಮಂತ್ರಿಸಿದ ಭತ್ತದ ತೆನೆಯನ್ನು ಕುಟುಂಬಕ್ಕೆ ಇಷ್ಟೆಂದು ಹಂಚುತ್ತಾರೆ. ಮನೆಗೆ ತಂದ ತೆನೆಯ ಕಾಳುಗಳನ್ನು ಸುಲಿದು ಪುಡಿಮಾಡಿ ಹಾಲಿಗೋ ಪಾಯಸಕ್ಕೋ ಬೆರೆಸಿ, ಪ್ರಾರ್ಥನೆಯ ನಂತರ ಮನೆಯ ಹಿರಿಯರು ಎಲ್ಲರಿಗೂ ಕೊಡುತ್ತಾರೆ. ಆಮೇಲೆ ಮೀನುಮಾಂಸವಿಲ್ಲದ ಹೊಸಕ್ಕಿ ಊಟ. ದೂರದೂರಿನಲ್ಲಿರುವ ಮಕ್ಕಳಿಗೆ ನಾಲ್ಕು ಕಾಳುಗಳನ್ನು ಲಕೋಟೆಯಲ್ಲಿಟ್ಟು ಕಳಿಸುವ ರೂಢಿಯೂ ಇತ್ತು. ಹೊಲವಿಲ್ಲದ ಮನೆಗೂ ಹೊಲವಿದ್ದ ಮನೆಗೂ ಬರುವುದು ಅದೇ ತೆನೆ. ಲೂಕನ ರೈತನು ಬೆಳೆಯನ್ನು ಕಂಡು ಒಬ್ಬನೇ ಕುಳಿತು ಲೆಕ್ಕ ಹಾಕಿದ್ದಕ್ಕೆ ಇದಕ್ಕಿಂತ ಸರಳವಾದ ಎದುರು ನಡೆ ಇರಲಾರದು.

ಇದೇ ಕರಾವಳಿಯ ಮಂಗಳೂರಿನಲ್ಲಿ 1834ರಲ್ಲಿ ಕೆಲಸ ಆರಂಭಿಸಿದ ಬಾಸೆಲ್ ಮಿಷನ್ ಎಂಬ ಪ್ರೊಟೆಸ್ಟೆಂಟ್ ಸಂಸ್ಥೆಯ ಚರಿತ್ರೆಯಲ್ಲಿ, ಉಳಿಕೆಯ ಪ್ರಶ್ನೆಗೆ ದಾಖಲೆಸಹಿತವಾದ ಒಂದು ಉದಾಹರಣೆ ಸಿಗುತ್ತದೆ. ಮತಾಂತರಗೊಂಡು ಜಾತಿಯನ್ನೂ ಅದರೊಡನೆ ಕಸುಬನ್ನೂ ಕಳೆದುಕೊಂಡವರಿಗೆ ಜೀವನೋಪಾಯ ಬೇಕಾಗಿದ್ದರಿಂದ ಮಿಷನ್ ನೇಯ್ಗೆಯ ಕಾರ್ಖಾನೆಯನ್ನೂ 1865ರಲ್ಲಿ ಹಂಚಿನ ಕಾರ್ಖಾನೆಯನ್ನೂ ತೆರೆಯಿತು; ಅದರ ಹೆಸರನ್ನು ಒತ್ತಿದ ಹಂಚುಗಳು ಕರಾವಳಿಯ ಹಳೆಯ ಮನೆಗಳ ಮಾಡಿನ ಮೇಲೆ ಈಗಲೂ ಕಾಣಸಿಗುತ್ತವೆ. 1914ರಲ್ಲಿ ಮಹಾಯುದ್ಧ ಶುರುವಾದಾಗ ಜರ್ಮನ್ ಮಿಷನರಿಗಳು ಶತ್ರುದೇಶದವರೆನಿಸಿ, ಮುಂದೆ ಕಾರ್ಖಾನೆ ಮತ್ತು ವ್ಯಾಪಾರ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಯ ವಶವಾದವು. ಎಂಟು ದಶಕಗಳ ದುಡಿಮೆಯ ಬಹುಪಾಲು ಹೀಗೆ ಕೈಬಿಟ್ಟು ಹೋಯಿತು. ಹೋಗದೆ ಉಳಿದದ್ದು, ಲಾಭದ ಲೆಕ್ಕದಲ್ಲಿ ಎಂದೂ ಕಾಣದಿದ್ದ ಕನ್ನಡದ ಕೆಲಸ: ಹರ್ಮನ್ ಮೋಗ್ಲಿಂಗ್ 1843ರಲ್ಲಿ ಆರಂಭಿಸಿದ ಮಂಗಳೂರ ಸಮಾಚಾರ ಪತ್ರಿಕೆ, ಅವರೇ ಮುದ್ರಿಸಿದ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು, ಮತ್ತು ಫರ್ಡಿನಾಂಡ್ ಕಿಟ್ಟೆಲ್ 1894ರಲ್ಲಿ ಹೊರತಂದ, ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು. ಮೋಗ್ಲಿಂಗರ ಗ್ರಂಥಮಾಲೆಗೆ ಹಣ ಕೊಟ್ಟವರು ನೀಲಗಿರಿಯಲ್ಲಿ ನೆಲೆಸಿದ್ದ ಕ್ಯಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರು. ಅವರು ತಮ್ಮ ಆಸ್ತಿಯನ್ನೂ ಮಿಷನ್ನಿಗೆ ಬರೆದಿಟ್ಟರು. ಮರಣಶಾಸನಗಳ ವಿಷಯದಲ್ಲಿ ಬೆಸಿಲರ ಗೇಲಿ ಇಲ್ಲಿ ಅಷ್ಟಾಗಿ ನಾಟುವುದಿಲ್ಲ, ಏಕೆಂದರೆ ಬರೆದಿಡುವ ಮೊದಲು ಕೊಡುವುದನ್ನೂ ಅವರು ಅರಿತಿದ್ದರು. ಬೇರೆ ಧರ್ಮದವರ ಭಕ್ತಿಗ್ರಂಥಗಳ ಮುದ್ರಣಕ್ಕೆ ಒಬ್ಬ ಕ್ರೈಸ್ತ ತನ್ನ ಹಣವನ್ನು ತೊಡಗಿಸಿದ್ದು ಈ ಪ್ರಸಂಗದ ವಿಶೇಷ.

ಬೆಸಿಲಿಯಾದಿನ ಕಲ್ಪನೆಯೂ ಮಂಗಳೂರಿಗೆ ಬಂತು. ಜರ್ಮನ್ ಮೂಲದ ಜೆಸ್ವಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪತಿ ಔಷಧ ಕೊಡಲು ಆರಂಭಿಸಿ, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯಧಾಮವನ್ನು ತೆರೆದರು; ಆ ಸಣ್ಣ ಔಷಧಾಲಯ ಇಂದು ಆಸ್ಪತ್ರೆಯಾಗಿ, ವೈದ್ಯಕೀಯ ಕಾಲೇಜಾಗಿ ಬೆಳೆದಿದೆ. ಕಪ್ಪದೋಕಿಯದ ಕಟ್ಟಡ ಈಗ ಇಲ್ಲ, ಅದರ ಮಾದರಿ ಸಾವಿರದೈನೂರು ವರ್ಷಗಳ ನಂತರ ಅರಬ್ಬಿ ಸಮುದ್ರದ ದಡದಲ್ಲಿ ಮತ್ತೆ ಎದ್ದಿತು.

ಬೆಳೆದ ಸಂಸ್ಥೆಗೆ ಕಣಜವೂ ಬೆಳೆಯುತ್ತದೆ, ಕಣಜ ಬೆಳೆದಂತೆ ಲೂಕನ ರೈತನ ಲೆಕ್ಕವೂ ಒಳಗೆ ಬರುತ್ತದೆ. ಬಡ ಮಕ್ಕಳಿಗಾಗಿ, ಕೈಯಲ್ಲಿ ಕಾಸಿಲ್ಲದ ರೋಗಿಗಳಿಗಾಗಿ ಆರಂಭವಾದ ಕ್ರೈಸ್ತ ಶಾಲೆ ಆಸ್ಪತ್ರೆಗಳಲ್ಲಿ ಕೆಲವು ಇಂದು ಶುಲ್ಕದ ವಿಷಯದಲ್ಲಿ ಉಳಿದ ಖಾಸಗಿ ಸಂಸ್ಥೆಗಳಿಗಿಂತ ಭಿನ್ನವಾಗಿಲ್ಲವೆಂಬ ದೂರು ಆ ಸಮುದಾಯದ ಒಳಗಿನಿಂದಲೇ ಕೇಳಿಬರುತ್ತಿದೆ. ಕಟ್ಟಡ ಬೇಡವೆಂದು ಬೆಸಿಲರು ಎಂದೂ ಹೇಳಲಿಲ್ಲ, ಅವರೂ ಕಟ್ಟಿಸಿದವರೇ. ಆದರೆ ಹೊಸ ಅಂತಸ್ತಿಗೆ ಅಡಿಗಲ್ಲು ಹಾಕುವ ಮೊದಲು ಆಡಳಿತ ಮಂಡಳಿಗಳು ವರ್ಷದ ಲೆಕ್ಕಪತ್ರದಲ್ಲಿ ಆದಾಯ ಮತ್ತು ಠೇವಣಿಗಳ ಪಕ್ಕದಲ್ಲಿ ಇನ್ನೆರಡು ಸಾಲುಗಳನ್ನು ಸೇರಿಸಿ ಓದಲಿ: ಆ ವರ್ಷ ಶುಲ್ಕವಿಲ್ಲದೆ ಓದಿದ ಮಕ್ಕಳೆಷ್ಟು, ಬಿಲ್ ಇಲ್ಲದೆ ಮನೆಗೆ ಹೋದ ರೋಗಿಗಳೆಷ್ಟು.